ಸೊಸೈಟಿ ಅಕ್ಕಿಯ ಮೇಲೆ ಕಣ್ಣಿಡುವವರು ಯಾರು?

ಕೇಳುಗರೆಲ್ಲರಿಗೂ ನಮಸ್ಕಾರ.

ತಿಂಗಳಿಗೊಮ್ಮೆ ಸೊಸೈಟಿ ಮುಂದೆ ಚೀಲ ಹಿಡಿದು ನಿಲ್ಲುವವರಿಗೆ ಒಂದು ಪ್ರಶ್ನೆ. ನಿಮ್ಮ ನ್ಯಾಯಬೆಲೆ ಅಂಗಡಿಗೆ ಒಂದು ಜಾಗೃತಿ ಸಮಿತಿ ಇರಬೇಕು. ಅದರಲ್ಲಿ ಯಾರ್ಯಾರಿದ್ದಾರೆ, ಹೇಳುತ್ತೀರಾ? ಗೊತ್ತಿಲ್ಲ, ಅಲ್ವಾ? ಎಷ್ಟೋ ಜನರಿಗೆ ಅಂಥದ್ದೊಂದು ಸಮಿತಿ ಉಂಟು ಅನ್ನುವುದೇ ಹೊಸ ಸುದ್ದಿ.

ನಮ್ಮ ರಾಜ್ಯದಲ್ಲಿ ಅನ್ನಭಾಗ್ಯ ಶುರುವಾದದ್ದು 2013ರ ಜುಲೈಯಲ್ಲಿ. ಅದೇ ವರ್ಷ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಬಂತು. ಕಡುಬಡವರಿಗೆಂದು ಇರುವ ಅಂತ್ಯೋದಯ ಕಾರ್ಡಿನ ಕುಟುಂಬಕ್ಕೆ ತಿಂಗಳಿಗೆ 35 ಕಿಲೋ, ಉಳಿದ ಬಿಪಿಎಲ್ ಕಾರ್ಡಿನವರಿಗೆ ತಲೆಗೆ 5 ಕಿಲೋ ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಆ ಕಾಯ್ದೆ ಅಕ್ಕಿ ಕೊಡಿ ಅಂತ ಹೇಳಿ ಸುಮ್ಮನಾಗಲಿಲ್ಲ. ಕೊಟ್ಟದ್ದು ತಲುಪಿತಾ ಅಂತ ನೋಡುವ ಕೆಲಸವನ್ನೂ ರಾಜ್ಯ ಸರ್ಕಾರಕ್ಕೇ ವಹಿಸಿತು. ಅದಕ್ಕೇ ರಾಜ್ಯ ಆಹಾರ ಆಯೋಗ, ಜಿಲ್ಲೆಗೊಬ್ಬರು ಕುಂದುಕೊರತೆ ಅಧಿಕಾರಿ, ರಾಜ್ಯದಿಂದ ಹಿಡಿದು ನಿಮ್ಮ ಅಂಗಡಿಯವರೆಗೆ ನಾಲ್ಕು ಹಂತದ ಜಾಗೃತಿ ಸಮಿತಿಗಳು. ಪಡಿತರ ವಿತರಣೆಗೆಂದು ಕೇಂದ್ರ ಸರ್ಕಾರ ಹೊರಡಿಸಿದ 2015ರ ನಿಯಂತ್ರಣ ಆದೇಶದ ಪ್ರಕಾರ ಪ್ರತಿ ಅಂಗಡಿಯನ್ನೂ ಮೂರು ತಿಂಗಳಿಗೊಮ್ಮೆಯಾದರೂ ತಪಾಸಣೆ ಮಾಡಬೇಕು. ಎಷ್ಟು ದಾಸ್ತಾನು ಬಂತು, ಎಷ್ಟು ಉಳಿದಿದೆ, ದೂರು ಯಾರಿಗೆ ಕೊಡಬೇಕು, ಇಷ್ಟನ್ನೂ ಬೋರ್ಡಿನಲ್ಲಿ ಬರೆದು ಹಾಕಬೇಕು. ನಿಮ್ಮ ಕಾರ್ಡನ್ನು ಅಂಗಡಿಯವರು ಇಟ್ಟುಕೊಳ್ಳುವ ಹಾಗೇ ಇಲ್ಲ.

ಕಾಗದದ ಮೇಲೆ ಎಲ್ಲವೂ ಚಂದ ಇದೆ. ಈಗ ನಮ್ಮ ಕೊಡಗಿಗೆ ಬನ್ನಿ.

ಇವತ್ತು ಸರ್ಕಾರದ ದೊಡ್ಡ ಕಣ್ಣು ಅಂದರೆ ಹೆಬ್ಬೆಟ್ಟಿನ ಮಿಷಿನ್ನು. ಅದು ಬಂದ ಮೇಲೆ ಸತ್ತವರ ಹೆಸರಲ್ಲಿ, ಊರು ಬಿಟ್ಟವರ ಹೆಸರಲ್ಲಿ ಅಕ್ಕಿ ಎತ್ತುವುದು ಕಷ್ಟವಾಯಿತು, ಅದನ್ನು ಒಪ್ಪಲೇಬೇಕು. ಆದರೆ ಮಿಷಿನ್ನಿಗೆ ಕಾಣುವುದು ಬೆರಳು ಒತ್ತಿದವರು ಮಾತ್ರ. ವರ್ಷವಿಡೀ ತೋಟದಲ್ಲಿ ಕಾಡು ಕಡಿದು, ಕಾಫಿ ಕೊಯ್ದು ಬೆರಳಿನ ಗೆರೆ ಸವೆದ ಹೆಂಗಸಿನ ಹೆಬ್ಬೆಟ್ಟು ಅದಕ್ಕೆ ಹಿಡಿಯುವುದಿಲ್ಲ. ಜುಲೈ ತಿಂಗಳ ಮಳೆಯಲ್ಲಿ ಭಾಗಮಂಡಲದ ಕಡೆ ಕರೆಂಟು ಹೋದರೆ ಟವರೂ ಹೋಗುತ್ತದೆ, ಟವರು ಹೋದರೆ ಮಿಷಿನ್ನೂ ಇಲ್ಲ, ಒಂದು ದಿನದ ಕೂಲಿ ಬಿಟ್ಟು ಬಂದವರು ಬರಿಗೈಯಲ್ಲಿ ವಾಪಸ್ ನಡೆಯಬೇಕು. ಬೆಂಗಳೂರಿನ ಲೆಕ್ಕದಲ್ಲಿ ಅವರು ಆ ತಿಂಗಳು ಅಕ್ಕಿ ಪಡೆಯದವರು, ಅಷ್ಟೇ. ಯಾಕೆ ಪಡೆಯಲಿಲ್ಲ ಅನ್ನುವುದು ಆ ಲೆಕ್ಕದಲ್ಲಿ ಎಲ್ಲಿದೆ? ಬೆರಳು ಹಿಡಿಯಲಿಲ್ಲ ಅನ್ನುವ ಕಾರಣಕ್ಕೆ ಯಾರಿಗೂ ರೇಷನ್ ತಪ್ಪಿಸಬಾರದು ಅಂತ ಕೇಂದ್ರ ಸರ್ಕಾರ 2017ರಲ್ಲೇ ರಾಜ್ಯಗಳಿಗೆ ಬರೆದಿದೆ. ಇನ್ನೂ ಒಂದಿದೆ. ಹಕ್ಕಿನ ಧಾನ್ಯ ಕೊಡಲು ಆಗದಿದ್ದರೆ ರಾಜ್ಯ ಸರ್ಕಾರ ಅದರ ಬದಲು ಆಹಾರ ಭದ್ರತಾ ಭತ್ಯೆ ಕೊಡಬೇಕು ಅಂತ ಕಾಯ್ದೆಯಲ್ಲೇ ಇದೆ. ಈ ಭತ್ಯೆಯ ಮಾತನ್ನು ಕೌಂಟರಿನಲ್ಲಿ ಎತ್ತಿ ನೋಡಿ, ಅಂಗಡಿಯವರ ಮುಖ ಹೇಗಾಗುತ್ತದೆ ಅಂತ!

ಇದರ ನಡುವೆ ಯೋಜನೆಯೂ ಬದಲಾಗುತ್ತಿರುತ್ತದೆ. 2023ರ ಜುಲೈಯಿಂದ, ಕಾಯ್ದೆಯ 5 ಕಿಲೋ ಮೇಲೆ ರಾಜ್ಯ ಸರ್ಕಾರ ಕೊಡಬೇಕಿದ್ದ ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲು ತಲೆಗೆ 170 ರೂಪಾಯಿ ಖಾತೆಗೆ ಹಾಕಿದರು, 2025ರಲ್ಲಿ ಮತ್ತೆ ಅಕ್ಕಿಗೆ ಬಂದರು. ದುಡ್ಡು ಹೋಗುತ್ತಿದ್ದದ್ದು ಮನೆಯ ಮುಖ್ಯಸ್ಥರ ಆಧಾರ್ ಜೋಡಿಸಿದ ಖಾತೆಗೆ. ಜೋಡಣೆ ಇಲ್ಲದವರಿಗೆ ಬರಲಿಲ್ಲ. ಅಂಗಡಿಯಲ್ಲಾದರೆ ತೂಕ ನೋಡಿ ಜಗಳವಾಡಬಹುದು, ಖಾತೆಗೆ ಬಾರದ ದುಡ್ಡಿಗೆ ಯಾರ ಹತ್ತಿರ ಜಗಳವಾಡುವುದು?

ಈಗ ಲೈನ್ ಮನೆಗಳಿಗೆ, ಅಂದರೆ ತೋಟದ ಕೂಲಿಯವರು ಇರುವ ಸಾಲು ಮನೆಗಳಿಗೆ, ಬರೋಣ. ನನ್ನ ಪ್ರಕಾರ ನಮ್ಮ ಜಿಲ್ಲೆಯ ನಿಜವಾದ ಪರೀಕ್ಷೆ ಇಲ್ಲಿ. ತೋಟದ ಲೈನಿನಲ್ಲಿ ಇರುವ ಎರವ ಬುಡಕಟ್ಟಿನ ಕುಟುಂಬಕ್ಕೆ ವಿಳಾಸದ ದಾಖಲೆ ಸಿಗುವುದೇ ಒಂದು ಸಾಹಸ. ಮನೆ ತೋಟದ ಮಾಲೀಕರದ್ದು, ಈ ವರ್ಷ ಸಿದ್ದಾಪುರದ ಕಡೆ, ಮುಂದಿನ ವರ್ಷ ಪೊನ್ನಂಪೇಟೆಯ ಕಡೆ. ಕಾರ್ಡಿದ್ದರೆ ಈಗ ಯಾವ ಅಂಗಡಿಯಲ್ಲಾದರೂ ಅಕ್ಕಿ ತೆಗೆದುಕೊಳ್ಳಬಹುದು, ಅಸ್ಸಾಮಿನಿಂದ ಬಂದ ಕಾರ್ಮಿಕರಿಗೂ ಅದು ಸಿಗುತ್ತದೆ. ಕಾರ್ಡೇ ಇಲ್ಲದಿದ್ದರೆ? ಅವರು ಯಾವ ಪಟ್ಟಿಯಲ್ಲೂ ಇಲ್ಲ, ಆದ್ದರಿಂದ ಯಾವ ತಪಾಸಣೆಯಲ್ಲೂ ಸಿಕ್ಕುವುದಿಲ್ಲ. ಜೇನುಕುರುಬರಂಥ ಮೂಲ ಬುಡಕಟ್ಟಿನವರಿಗೆ ಅಂತ್ಯೋದಯ ಕಾರ್ಡು ಕೊಡಿ ಅಂತ ಸುಪ್ರೀಂ ಕೋರ್ಟು 2003ರಲ್ಲೇ ಹೇಳಿದೆ. ಅವರು ಇರುವ ಹಾಡಿಯಲ್ಲಿ, ಅಂದರೆ ಬುಡಕಟ್ಟಿನವರ ಕೇರಿಯಲ್ಲಿ, ಎಲ್ಲರಿಗೂ ಅದು ಬಂದಿದೆಯಾ ಅನ್ನುವುದನ್ನು ಕಂಪ್ಯೂಟರ್ ಮುಂದೆ ಕೂತು ನೋಡಲಾಗುವುದಿಲ್ಲ, ಮನೆಮನೆಗೆ ಹೋಗಬೇಕು. ಆಹಾರ ನಿರೀಕ್ಷಕರು ಗೋದಾಮಿನ ಮೂಟೆ ಎಣಿಸಲಿ, ಬೇಡ ಅಂದವರು ಯಾರು? ಸಾಲಿನಲ್ಲಿ ಯಾರು ಇಲ್ಲ ಅನ್ನುವುದನ್ನೂ ಒಮ್ಮೆ ಕೇಳಲಿ.

ಹಾಗಂತ ಎಲ್ಲವನ್ನೂ ಅಧಿಕಾರಿಗಳ ತಲೆಗೆ ಕಟ್ಟುವುದೂ ಸರಿಯಲ್ಲ. ಒಬ್ಬೊಬ್ಬರ ಮೇಲೆ ಹತ್ತಾರು ಅಂಗಡಿ, ನಮ್ಮ ರಸ್ತೆ, ನಮ್ಮ ಮಳೆ, ನಿಮಗೆ ಗೊತ್ತೇ ಇದೆ. ಅಂಗಡಿ ಮಟ್ಟದ ಸಮಿತಿ ಇರುವುದೇ ಇದಕ್ಕೆ. ಅದರಲ್ಲಿ ಸ್ಥಳೀಯ ಸಂಸ್ಥೆಯವರು, ಪರಿಶಿಷ್ಟ ಜಾತಿ, ಪಂಗಡದವರು, ಹೆಂಗಸರು, ನಿರ್ಗತಿಕರು ಅಥವಾ ಅಂಗವಿಕಲರು ಇರಲೇಬೇಕು ಅಂತ ಕಾಯ್ದೆ ಹೇಳುತ್ತದೆ.

ರೇಷನ್ ಸಿಗದಿದ್ದರೆ 1967ಕ್ಕೆ ಫೋನ್ ಮಾಡಿ, ದೂರಿನ ನಂಬರು ಕೇಳಿ ಬರೆದಿಟ್ಟುಕೊಳ್ಳಿ. ಮುಂದಿನ ಗ್ರಾಮಸಭೆಯಲ್ಲಿ ನಿಮ್ಮ ಅಂಗಡಿಯ ಜಾಗೃತಿ ಸಮಿತಿಯ ಹೆಸರುಗಳನ್ನು ಓದಿ ಹೇಳಿ ಅಂತ ಕೇಳಿ. ಆ ಹೆಸರುಗಳಲ್ಲಿ ಹಾಡಿಯವರೋ ಲೈನ್ ಮನೆಯವರೋ ಒಬ್ಬರೂ ಇಲ್ಲದಿದ್ದರೆ ಅದನ್ನೇ ಒಂದು ಅರ್ಜಿಯಲ್ಲಿ ಬರೆದು ತಹಶೀಲ್ದಾರರಿಗೆ ಕೊಡಿ, ಹಿಂಬರಹ ಕೊಡಿ ಅಂತಲೂ ಕೇಳಿ. ನಮಸ್ಕಾರ.