ಹಸಿಗೋಡೆ ಆರುವ ಮುನ್ನ

ಎಲ್ಲರಿಗೂ ನಮಸ್ಕಾರ.

ಒಂದು ಮಾತು ಮನಸ್ಸಿಗೆ ಗಟ್ಟಿಯಾಗಿ ನಾಟಿದರೆ ‘ಹಸಿಗೋಡೆಯಲ್ಲಿ ಹರಳು ನೆಟ್ಟಂತೆ’ ಎನ್ನುತ್ತೇವೆ. ಇಟಲಿಯ ಪುನರುಜ್ಜೀವನ ಕಾಲದ ಚಿತ್ರಕಾರರ ವಿಷಯವನ್ನು ಎಲ್ಲಿಂದ ಎತ್ತಿಕೊಳ್ಳಲಿ ಎಂದು ಯೋಚಿಸುತ್ತಿದ್ದಾಗ ನನಗೆ ಹೊಳೆದದ್ದು ಈ ಮಾತು. ಆ ಕಾಲದ ಎಷ್ಟೋ ದೊಡ್ಡ ಚಿತ್ರಗಳು ಹುಟ್ಟಿದ್ದು ನಿಜವಾದ ಹಸಿಗೋಡೆಯ ಮೇಲೆಯೇ. ಮೈಕೆಲೇಂಜೆಲೊ, ಲಿಯೊನಾರ್ಡೊ ಎಂದೊಡನೆ ಎಲ್ಲರೂ ಪ್ರತಿಭೆಯ ಬಗ್ಗೆ ಮಾತನಾಡುತ್ತಾರೆ. ನಾನು ಇವತ್ತು ಸುಣ್ಣದ ಬಗ್ಗೆ ಮಾತನಾಡುತ್ತೇನೆ. ಆ ಮಹನೀಯರ ಸ್ವಭಾವ ಸುಣ್ಣದ ಮುಂದೆ ಬಯಲಾದಷ್ಟು ಬೇರೆಲ್ಲೂ ಆಗಿಲ್ಲ ಎಂಬುದು ನನ್ನ ನಂಬಿಕೆ.

ಹೀಗೆ ಹಸಿಗೋಡೆಯ ಮೇಲೆ ಬರೆಯುವ ಚಿತ್ರಕ್ಕೆ ಫ್ರೆಸ್ಕೊ ಎಂದು ಹೆಸರು; ಇಟಲಿಯ ಭಾಷೆಯಲ್ಲಿ ಹಾಗೆಂದರೆ ತಾಜಾ. ಸುಣ್ಣದ ಕಲ್ಲನ್ನು ಸುಟ್ಟು, ನೀರಿನಲ್ಲಿ ಅರಳಿಸಿ, ಮರಳು ಬೆರೆಸಿ ಗಾರೆ ಮಾಡುತ್ತಾರೆ. ಗೋಡೆಗೆ ಮೊದಲು ಒರಟು ಪದರ, ಅದರ ಮೇಲೆ ನಯವಾದ ತೆಳು ಪದರ. ಆ ತೆಳು ಪದರ ಹಸಿಯಾಗಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣ ಹಚ್ಚಬೇಕು. ಅಂಟು ಬೇಕಿಲ್ಲ. ಸುಣ್ಣವು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ; ಬಣ್ಣ ಆ ಕಲ್ಲಿನೊಳಗೆ ಸೇರಿಹೋಗುತ್ತದೆ. ಗಾರೆ ಆರಿದ ಮೇಲೆ ತಿದ್ದಲು ಹೊರಟರೆ ಅಷ್ಟು ಭಾಗವನ್ನು ಕೆತ್ತಿ ತೆಗೆದು ಹೊಸದಾಗಿ ಮೆತ್ತಬೇಕು.

ಹಾಗಾಗಿ ಒಂದು ದಿನದಲ್ಲಿ ಎಷ್ಟು ಬರೆದು ಮುಗಿಸಬಹುದೋ ಅಷ್ಟಕ್ಕೆ ಮಾತ್ರ ಬೆಳಿಗ್ಗೆ ಗಾರೆ ಮೆತ್ತುತ್ತಿದ್ದರು. ಆ ಒಂದು ದಿನದ ತುಂಡಿಗೆ ಜೊರ್ನಾತಾ ಎಂದು ಹೆಸರು. ಮೊದಲೇ ಬರೆದಿಟ್ಟ ಕಾಗದದ ಚಿತ್ರದ ರೇಖೆಗಳುದ್ದಕ್ಕೂ ಸೂಜಿಯಿಂದ ಚುಚ್ಚಿ, ಗೋಡೆಗೆ ಹಿಡಿದು, ಇದ್ದಿಲ ಪುಡಿಯ ಗಂಟನ್ನು ತಟ್ಟುತ್ತಿದ್ದರು. ನಮ್ಮ ರಂಗೋಲಿ ಅಚ್ಚಿನ ತೂತುಗಳಿಂದ ಪುಡಿ ಉದುರುವ ಹಾಗೆಯೇ. ಓರೆಯಾಗಿ ಬೆಳಕು ಬಿಟ್ಟು ನೋಡಿದರೆ ಒಂದು ದಿನದ ಗಾರೆ ಮತ್ತೊಂದು ದಿನದ ಗಾರೆಯ ಅಂಚಿನ ಮೇಲೆ ಏರಿರುವ ಗೆರೆ ಇವತ್ತಿಗೂ ಕಾಣುತ್ತದೆ. ಯಾವ ಮುಖಕ್ಕೆ ಎಷ್ಟು ದಿನ ಹಿಡಿಯಿತು ಎಂದು ಎಣಿಸಬಹುದು. ನನಗೆ ಆ ಗೆರೆಗಳೆಂದರೆ ಬಹಳ ಪ್ರೀತಿ.

ಫ್ಲಾರೆನ್ಸ್ ನಗರದ ಬ್ರಾಂಕಾಚಿ ಚಾಪೆಲ್ ಎಂಬ ಪ್ರಾರ್ಥನಾ ಮಂದಿರದಲ್ಲಿ ಚಿತ್ರಕಾರ ಮಸಾಚೊ ಬರೆದ, ಬೈಬಲ್ಲಿನ ಮೊದಲ ಗಂಡು ಹೆಣ್ಣು ಆದಾಮ ಮತ್ತು ಈವರ ಚಿತ್ರವಿದೆ. ಸ್ವರ್ಗದಿಂದ ಹೊರದೂಡಿಸಿಕೊಂಡವರು. ಆದಾಮ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಿದ್ದಾನೆ; ಅಳು ತಡೆಯಲಾಗದೆ ಹೊಟ್ಟೆ ಒಳಕ್ಕೆ ಸೇದಿದೆ. ಈವಳ ಬಾಯಿ ತೆರೆದೇ ಇದೆ. ಇದು 1425ರ ಆಸುಪಾಸಿನ ಕೆಲಸ, ಹಿಡಿದದ್ದು ನಾಲ್ಕೇ ದಿನ. 1428ರಲ್ಲಿ ಮಸಾಚೊ ತೀರಿಕೊಂಡಾಗ ಅವನಿಗೆ 27 ತುಂಬಿರಲಿಲ್ಲ. ಬೆತ್ತಲೆ ಮೈ ಕಂಡು ಮುಜುಗರಪಟ್ಟವರು 17ನೇ ಶತಮಾನದಲ್ಲಿ ಎಲೆಗಳನ್ನು ಬರೆಸಿದರು. 1980ರ ದಶಕದಲ್ಲಿ ಚಿತ್ರವನ್ನು ಶುಚಿಗೊಳಿಸುವಾಗ ಆ ಎಲೆಗಳನ್ನು ತೆಗೆದುಹಾಕಲಾಯಿತು. ಎಲೆಗಳು ಗೋಡೆಯ ಮೇಲಿದ್ದವು, ಮಸಾಚೊನ ಬಣ್ಣ ಗೋಡೆಯೊಳಗಿತ್ತು.

ಇನ್ನು ಲಿಯೊನಾರ್ಡೊ. ಮಿಲಾನ್‌ನ ಸಾಂತಾ ಮರಿಯಾ ದೆಲ್ಲೆ ಗ್ರಾಚಿಯೆ ಮಠದ ಊಟದ ಮನೆಯಲ್ಲಿ ಕ್ರಿಸ್ತ ತನ್ನ ಶಿಷ್ಯರೊಂದಿಗೆ ಕೊನೆಯ ಬಾರಿ ಊಟಕ್ಕೆ ಕೂತ ದೃಶ್ಯವಾದ ‘ಕಡೆಯ ಭೋಜನ’ವನ್ನು ಅವನು ಬರೆದದ್ದು 1495ರಿಂದ 1498ರ ಸುಮಾರಿನಲ್ಲಿ. ಚಿಕ್ಕಂದಿನಲ್ಲಿ ಅವನ ಕೆಲಸವನ್ನು ಕಣ್ಣಾರೆ ಕಂಡಿದ್ದ, ಮುಂದೆ ಕತೆಗಾರನಾದ ಮತ್ತೆಯೊ ಬಂದೆಲ್ಲೊ ಅದನ್ನು ನೆನೆದಿದ್ದಾನೆ. ಕೆಲವು ದಿನ ಸೂರ್ಯೋದಯದಿಂದ ಕತ್ತಲಾಗುವವರೆಗೆ ಅನ್ನ ನೀರು ಮರೆತು ಬರೆಯುತ್ತಿದ್ದನಂತೆ. ಆಮೇಲೆ ದಿನಗಟ್ಟಲೆ ಕುಂಚ ಮುಟ್ಟದೆ ಸುಮ್ಮನೆ ನೋಡುತ್ತ ನಿಲ್ಲುತ್ತಿದ್ದನಂತೆ. ಒಮ್ಮೊಮ್ಮೆ ಸುಡುವ ಮಧ್ಯಾಹ್ನದಲ್ಲಿ ಬಂದು, ಒಂದೆರಡು ಗೀಟು ಎಳೆದು ಹೊರಟುಬಿಡುತ್ತಿದ್ದನಂತೆ.

ಇಂಥವನಿಗೂ ಹಸಿ ಗಾರೆಗೂ ಹೊಂದಿಕೆಯಾಗುವುದು ಹೇಗೆ? ಅವನು ಒಣ ಗೋಡೆಯ ಮೇಲೆಯೇ ಮೊಟ್ಟೆಯ ಮತ್ತು ಎಣ್ಣೆಯ ಮಿಶ್ರಣದ ಬಣ್ಣಗಳಿಂದ ಬರೆದ. ಬೇಕಾದಾಗ ತಿದ್ದಬಹುದು, ಪದರದ ಮೇಲೆ ಪದರ ಹಚ್ಚಬಹುದು. ಆದರೆ ಗೋಡೆಯ ತೇವ ಬಿಡಲಿಲ್ಲ. 1517ರಲ್ಲೇ, ಲಿಯೊನಾರ್ಡೊ ಬದುಕಿದ್ದಾಗಲೇ, ಚಿತ್ರ ಹಾಳಾಗುತ್ತಿದೆ ಎಂದು ಅಲ್ಲಿಗೆ ಬಂದವರೊಬ್ಬರು ಬರೆದಿಟ್ಟರು. 1652ರಲ್ಲಿ ಬಾಗಿಲು ತೆರೆಯಲೆಂದು ಗೋಡೆಯನ್ನು ಒಡೆದಾಗ ಕ್ರಿಸ್ತನ ಪಾದಗಳೇ ಹೋದವು. 1978ರಲ್ಲಿ ಶುರುವಾದ ದುರಸ್ತಿ ಮುಗಿದದ್ದು 1999ರಲ್ಲಿ. ಬರೆಯಲು ಹಿಡಿದದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಕಾಲ.

ಇದನ್ನು ಲಿಯೊನಾರ್ಡೊನ ಸೋಲು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ‘ನಿಮ್ಮಲ್ಲಿ ಒಬ್ಬನು ನನ್ನನ್ನು ಹಿಡಿದುಕೊಡುವನು’ ಎಂಬ ಮಾತು ಕ್ರಿಸ್ತನ ಬಾಯಿಂದ ಬಿದ್ದ ಕ್ಷಣದಲ್ಲಿ ಹನ್ನೆರಡು ಮಂದಿ ಶಿಷ್ಯರ ಕೈಗಳನ್ನು ನೋಡಿ. ಒಬ್ಬನ ಕೈ ಎದೆಗೆ ಹೋಗಿದೆ, ಮತ್ತೊಬ್ಬನ ಬೆರಳು ಮೇಲಕ್ಕೆದ್ದಿದೆ, ಹಿಡಿದುಕೊಡಲಿರುವ ಯೂದನ ಮುಷ್ಟಿ ಹಣದ ಚೀಲವನ್ನು ಬಿಗಿಹಿಡಿದಿದೆ. ಒಂದೊಂದು ಕೈಗೂ ಒಂದೊಂದು ಮನಸ್ಸಿದೆ. ದಿನಗಟ್ಟಲೆ ಸುಮ್ಮನೆ ನಿಂತು ನೋಡಿದವನಿಗೆ ದಕ್ಕಿದ್ದು ಇದು.

ಮೈಕೆಲೇಂಜೆಲೊನ ಕಷ್ಟವೇ ಬೇರೆ. ತಾನು ಶಿಲ್ಪಿ, ಚಿತ್ರಕಾರನಲ್ಲ ಎಂದು ಹೇಳುತ್ತಲೇ ಇದ್ದವನನ್ನು ಪೋಪ್ ಎರಡನೇ ಜೂಲಿಯಸ್ 1508ರಲ್ಲಿ ವ್ಯಾಟಿಕನ್‌ನ ಸಿಸ್ಟೀನ್ ಚಾಪೆಲ್‌ನ ಚಾವಣಿಗೆ ಹತ್ತಿಸಿದರು. ನೆಲದಿಂದ ಸುಮಾರು 20 ಮೀಟರ್ ಎತ್ತರ. ಮಲಗಿಕೊಂಡು ಬರೆದ ಎಂಬ ಕತೆ ನಿಜವಲ್ಲ. ಅಟ್ಟಣಿಗೆಯ ಮೇಲೆ ನಿಂತು, ಕತ್ತು ಹಿಂದಕ್ಕೆ ಬಾಗಿಸಿ ಬರೆದ. ಮೊದಮೊದಲು ಬರೆದ ಜಲಪ್ರಳಯದ ದೃಶ್ಯದ ಮೇಲೆ ಬೂಷ್ಟು ಎದ್ದಿತು. ‘ಇದು ನನ್ನ ಕಸುಬಲ್ಲ ಎಂದು ಮೊದಲೇ ಹೇಳಿರಲಿಲ್ಲವೇ’ ಎಂದು ಪೋಪರಲ್ಲಿಗೆ ಹೋದ. ವಾಸ್ತುಶಿಲ್ಪಿ ಜೂಲಿಯಾನೊ ದ ಸಂಗಾಲೊ ಬಂದು ನೋಡಿ, ಗಾರೆಗೆ ನೀರು ಹೆಚ್ಚಾಗಿದೆ ಎಂದು ತೋರಿಸಿಕೊಟ್ಟರು. ಜಗತ್ತಿನ ಅತಿ ದೊಡ್ಡ ಶಿಲ್ಪಿ ಗಾರೆ ಕಲಸುವುದನ್ನು ಕಲಿತುಕೊಂಡು ಮತ್ತೆ ಮೇಲೆ ಹತ್ತಿದ.

1511ರಲ್ಲಿ ಅರ್ಧ ಚಾವಣಿಯ ಅಟ್ಟಣಿಗೆ ಬಿಚ್ಚಿದಾಗ ಅವನು ತನ್ನ ಕೆಲಸವನ್ನು ಕೆಳಗಿನಿಂದ ನೋಡಿದ. ಜಲಪ್ರಳಯದ ಜನಜಂಗುಳಿಯಲ್ಲಿ ಆಕೃತಿಗಳು ತೀರ ಚಿಕ್ಕವಾಗಿ ಕಾಣುತ್ತಿದ್ದವು. ಉಳಿದರ್ಧದಲ್ಲಿ ಜನ ಕಡಿಮೆಯಾದರು, ಆಕೃತಿಗಳು ದೊಡ್ಡದಾದವು, ಕೈ ಚುರುಕಾಯಿತು. ‘ಆದಾಮನ ಸೃಷ್ಟಿ’ ಚಿತ್ರದಲ್ಲಿ ಆದಾಮನ ಮೈಗೆ ನಾಲ್ಕು ದಿನ. ಆಮೇಲೆ, ಬಲಿಪೀಠದ ಕಡೆಯ ತುದಿಯಲ್ಲಿ, ಕತ್ತಲಿನಿಂದ ಬೆಳಕನ್ನು ಬೇರ್ಪಡಿಸುವ ದೇವರು. ಒಂಟಿ ಆಕೃತಿ. ಎರಡೂ ತೋಳು ಮೇಲಕ್ಕೆ ಚಾಚಿವೆ, ತಲೆ ಹಿಂದಕ್ಕೆ ಬಾಗಿದೆ, ಕೆಳಗಿನಿಂದ ನೋಡುವ ನಮಗೆ ಗಂಟಲು, ಗಲ್ಲ ಕಾಣುತ್ತವೆ. ಗಡ್ಡ ಆಕಾಶಕ್ಕೆ, ಮುಖದ ಮೇಲೆಲ್ಲ ಕುಂಚದಿಂದ ತೊಟ್ಟಿಕ್ಕಿದ ಬಣ್ಣ ಎಂದು ಮೈಕೆಲೇಂಜೆಲೊ ಗೆಳೆಯನಿಗೆ ಬರೆದ ಕವಿತೆಯಲ್ಲಿ ತನ್ನ ಪಾಡನ್ನು ಹೇಳಿಕೊಂಡಿದ್ದ. ದೇವರಿಗೂ ಅದೇ ಭಂಗಿ. ಆ ಚಿತ್ರದ ಗಾರೆಯಲ್ಲಿ ದಿನಗಳನ್ನು ಬೇರ್ಪಡಿಸುವ ಗೆರೆಯೇ ಇಲ್ಲ. ಬೆಳಿಗ್ಗೆ ಮೆತ್ತಿದ ಗಾರೆ ಆರುವುದರೊಳಗೆ, ಒಂದೇ ದಿನದಲ್ಲಿ, ಅಷ್ಟನ್ನೂ ಬರೆದು ಮುಗಿಸಿದ್ದಾನೆ.