ಗಿರಾಕಿಯ ಫೋನಿನಲ್ಲಿ ನಿಮ್ಮ ಹೆಸರು

(ಉಡುಪಿಯಲ್ಲಿ ಮನೆ ಉತ್ಪನ್ನ ಮಾಡುವವರಿಗೂ ಸಣ್ಣ ಅಂಗಡಿಯವರಿಗೂ ನೀಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ. ಹಪ್ಪಳ ಮಾಡುವವರು, ಕೋರಿ ರೊಟ್ಟಿ ಮಾಡುವವರು, ಮಲ್ಲಿಗೆ ಕಟ್ಟುವವರು, ರವಿಕೆ ಹೊಲಿಯುವವರು, ಸಣ್ಣ ಬೇಕರಿ ಇಟ್ಟವರು ಎಲ್ಲ ಇಲ್ಲಿದ್ದೀರಿ. ಒಂದು ಪ್ರಶ್ನೆ ಕೇಳಿಯೇ ಶುರು ಮಾಡುತ್ತೇನೆ. ನಿಮ್ಮ ಗಿರಾಕಿಗಳಲ್ಲಿ ಎಷ್ಟು ಜನರ ಫೋನಿನಲ್ಲಿ ನಿಮ್ಮ ನಂಬರ್ ಹೆಸರು ಹಾಕಿ ಸೇವ್ ಆಗಿದೆ? ಇನ್‌ಸ್ಟಾಗ್ರಾಂನಲ್ಲಿ ಫಾಲೋವರ್ಸ್ ಎಷ್ಟು ಅಂತ ಕೇಳಿದರೆ ಎಲ್ಲರಿಗೂ ಬಾಯಿಪಾಠ. ಈ ಲೆಕ್ಕ ಮಾತ್ರ ಯಾರೂ ಇಟ್ಟಿರುವುದಿಲ್ಲ.

ಇದನ್ನು ಯಾಕೆ ಕೇಳಿದೆ ಅಂದರೆ, ವಾಟ್ಸಾಪಿನ ಬ್ರಾಡ್‌ಕಾಸ್ಟ್ ಲಿಸ್ಟ್ ಕೆಲಸ ಮಾಡುವುದೇ ಹಾಗೆ. ಒಂದು ಲಿಸ್ಟಿಗೆ 256 ಜನರನ್ನು ಸೇರಿಸಬಹುದು. ನೀವು ಒಮ್ಮೆ ಕಳಿಸಿದರೆ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೋಗುತ್ತದೆ, ಗ್ರೂಪಿನ ಹಾಗೆ ಎಲ್ಲರ ನಂಬರ್ ಎಲ್ಲರಿಗೂ ಕಾಣುವುದಿಲ್ಲ. ಆದರೆ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. 256 ಜನರನ್ನು ಹಾಕಿ, 30 ಜನ ಮಾತ್ರ ಸೇವ್ ಮಾಡಿದ್ದರೆ, 30 ಜನರಿಗೆ ಹೋಯಿತು ಅಷ್ಟೆ. ಉಳಿದವರಿಗೆ ಹೋಗಲಿಲ್ಲ ಅಂತ ಆ್ಯಪ್ ನಿಮಗೆ ಎದ್ದು ಕಾಣುವ ಹಾಗೆ ಹೇಳುವುದೂ ಇಲ್ಲ, ಒಂದೇ ಟಿಕ್‌ನಲ್ಲಿ ನಿಂತಿರುತ್ತದೆ. "ಮೆಸೇಜ್ ಹಾಕಿದರೂ ಯಾರೂ ಕೇಳುವುದಿಲ್ಲ" ಅನ್ನುವ ದೂರಿನ ಹಿಂದೆ ಹೆಚ್ಚಿನ ಸಲ ಇರುವುದು ಇದೇ. ಸ್ಟೇಟಸ್ ಕೂಡ ಅಷ್ಟೆ. ನಿಮ್ಮ ನಂಬರ್ ಅವರಲ್ಲಿ ಇಲ್ಲದಿದ್ದರೆ ಅವರಿಗೆ ಕಾಣುವುದಿಲ್ಲ.

ಹಾಗಾಗಿ ಇನ್‌ಸ್ಟಾಗ್ರಾಂ, ಗೂಗಲ್, ಜಾಹೀರಾತು ಎಲ್ಲದಕ್ಕೂ ಒಂದೇ ಕೆಲಸ ಕೊಡಿ: ಗುರುತಿಲ್ಲದವರನ್ನು ನಿಮ್ಮ ವಾಟ್ಸಾಪಿನ ತನಕ ತಂದು ಬಿಡುವುದು. ಅಲ್ಲಿಂದ ಮುಂದೆ ಸೇವ್ ಮಾಡಿಸುವುದು ನಿಮ್ಮ ಕೆಲಸ.

ಮೊದಲು ವ್ಯಾಪಾರಕ್ಕೆ ಬೇರೆ ಸಿಮ್ ಮಾಡಿ. ಅದರಲ್ಲಿ ವಾಟ್ಸಾಪ್ ಬಿಸಿನೆಸ್ ಆ್ಯಪ್ ಹಾಕಿ, ಇದು ಉಚಿತ. ಮನೆಯ ನಂಬರನ್ನೇ ಬಿಸಿನೆಸ್‌ಗೆ ತಿರುಗಿಸಿದರೆ ಸೋದರತ್ತೆಯ ಗುಡ್ ಮಾರ್ನಿಂಗ್ ಹೂವಿನ ಚಿತ್ರಗಳ ನಡುವೆ ಮೂರು ಆರ್ಡರ್ ಕಳೆದುಹೋಗುತ್ತವೆ. ಅದರ ಕ್ಯಾಟಲಾಗಿನಲ್ಲಿ, ಅಂದರೆ ಮಾಲಿನ ಪಟ್ಟಿಯಲ್ಲಿ, ಪ್ರತಿ ಐಟಂಗೆ ಮೂರು ಸಂಗತಿ ಕಡ್ಡಾಯ: ತೂಕ ಅಥವಾ ಸಂಖ್ಯೆ, ರೇಟು, ಎಷ್ಟು ದಿನ ಇಡಬಹುದು ಅನ್ನುವುದು. "ಹಲಸಿನ ಹಪ್ಪಳ" ಅಂತ ಮಾತ್ರ ಬರೆದರೆ ಸಾಲದು. "ಹಲಸಿನ ಹಪ್ಪಳ, 25ರ ಕಟ್ಟು, ಖಾರ, ಇಷ್ಟು ರೂಪಾಯಿ, ಇಷ್ಟು ದಿನ ಇಡಬಹುದು" ಅಂತ ಇರಬೇಕು.

ರೇಟು ಮುಚ್ಚಿಡುವ ಅಭ್ಯಾಸ ನಮ್ಮಲ್ಲಿ ತುಂಬ ಉಂಟು. "ರೇಟಿಗೆ ಡಿಎಂ ಮಾಡಿ" ಅಂತ ಬರೆಯುತ್ತಾರೆ. ಕೇಳಿದವರು "ಎಷ್ಟು?" ಅಂತಾರೆ, ನೀವು "ಯಾವುದಕ್ಕೆ?" ಅಂತೀರಿ, ಅವರು "ಹಪ್ಪಳಕ್ಕೆ", ನೀವು "ಖಾರದ್ದಾ ಸಪ್ಪೆಯದ್ದಾ?" ಅಷ್ಟರಲ್ಲಿ ನಿಮ್ಮ ಒಲೆಯ ಮೇಲಿನದ್ದು ಸೀದಿರುತ್ತದೆ, ಅವರು ಬೇರೆ ಕಡೆ ತೆಗೆದುಕೊಂಡಿರುತ್ತಾರೆ. ರೇಟು ಹಾಕಿದರೆ ಪಕ್ಕದವರಿಗೆ ಗೊತ್ತಾಗುತ್ತದೆ ಅನ್ನುವ ಹೆದರಿಕೆ ಬೇಡ, ಅವರಿಗೆ ಈಗಲೇ ಗೊತ್ತುಂಟು.

ದಿನಾ ರೇಟು ಬದಲಾಗುವ ಮಾಲು ಮಾತ್ರ ಬೇರೆ. ಶಂಕರಪುರ ಮಲ್ಲಿಗೆಯವರು ಕ್ಯಾಟಲಾಗಿನಲ್ಲಿ ರೇಟು ಹಾಕುವುದು ಬೇಡ, ಆಯಾ ದಿನದ ಕಟ್ಟೆ (ಹೂವಿನ ಮಾರುಕಟ್ಟೆ) ರೇಟು ಸ್ಟೇಟಸ್‌ನಲ್ಲಿ ಹಾಕಿದರೆ ಸಾಕು. ಆದರೆ ಒಂದು ಅಟ್ಟೆ ಅಂದರೆ ನಾಲ್ಕು ಚೆಂಡು, ಚೆಂಡಿಗೆ 800 ಹೂ ಅನ್ನುವ ವಿವರಣೆ ಕ್ಯಾಟಲಾಗಿನಲ್ಲಿ ಇರಲಿ. ಬೆಂಗಳೂರಿನವರು ಮೊಳದ ಲೆಕ್ಕದಲ್ಲಿ ಕೇಳುತ್ತಾರೆ, ಅಟ್ಟೆಯ ರೇಟು ನೋಡಿ ಹೌಹಾರುತ್ತಾರೆ.

ಕ್ವಿಕ್ ರಿಪ್ಲೈ ಅಂತ ಒಂದು ಸೌಲಭ್ಯ ಇದೆ. ಮತ್ತೆ ಮತ್ತೆ ಬರೆಯುವ ಉತ್ತರವನ್ನು ಒಮ್ಮೆ ಬರೆದಿಟ್ಟು, ಓರೆಗೆರೆ (/) ಒತ್ತಿ ಕರೆಸಿಕೊಳ್ಳುವುದು. ನಾಲ್ಕು ಬರೆದಿಡಿ: ರೇಟು ಪಟ್ಟಿ, ಎಲ್ಲೆಲ್ಲಿಗೆ ಯಾವ ದಿನ ಡೆಲಿವರಿ, ಹಣ ಕಳಿಸುವ ವಿಧಾನ, ಕೊನೆಗೆ ಆರ್ಡರ್ ಖಾತ್ರಿ. ಈ ಕೊನೆಯದರಲ್ಲಿ ಐಟಂ, ಒಟ್ಟು ಮೊತ್ತ, ಪಿನ್‌ಕೋಡ್ ಸಹಿತ ವಿಳಾಸ, ತಲುಪುವ ದಿನ, ಇಷ್ಟನ್ನು ಬರೆದು "ಸರಿ ಇದ್ದರೆ ಓಕೆ ಅಂತ ಹಾಕಿ" ಅಂತ ಕೇಳಿ. ಓಕೆ ಬಾರದೆ ಪ್ಯಾಕ್ ಮಾಡಬೇಡಿ. ಲೇಬಲ್‌ಗಳೂ ಇವೆ. "ಹಣ ಬಂದಿಲ್ಲ", "ಪ್ಯಾಕ್ ಆಗಬೇಕು", "ಕಳಿಸಿ ಆಯಿತು", ಈ ಮೂರು ಬಣ್ಣ ಸಾಕು.

ಇನ್ನು ಸೇವ್ ಮಾಡಿಸುವುದು ಹೇಗೆ? ಮಾಲು ಕೈಗೆ ಸಿಕ್ಕಿ, ತಿಂದು ನೋಡಿದ ದಿನ ಕೇಳಬೇಕು. ಮೊದಲ ಮೆಸೇಜಿನಲ್ಲೇ ಕೇಳಿದರೆ ಯಾರೂ ಮಾಡುವುದಿಲ್ಲ. ತಲುಪಿದ ಮರುದಿನ ಒಂದು ಸಾಲು: "ಹಪ್ಪಳ ಹೇಗಿತ್ತು? ಹೊಸ ಮಾಲು ಬಂದಾಗ ತಿಳಿಸಬೇಕಾದರೆ ಈ ನಂಬರ್ ಸೇವ್ ಮಾಡಿ." ಅದರ ಕೆಳಗೆ ನಿಮ್ಮದೇ ಕಾಂಟ್ಯಾಕ್ಟ್ ಕಾರ್ಡ್ ಕಳಿಸಿ, ಅವರು ಒಮ್ಮೆ ಒತ್ತಿದರೆ ಮುಗಿಯಿತು. ಬ್ರಾಡ್‌ಕಾಸ್ಟ್ ವಾರಕ್ಕೆ ಒಂದು, ಹಬ್ಬದ ವಾರ ಎರಡು. ಅದಕ್ಕಿಂತ ಹೆಚ್ಚಾದರೆ ಬ್ಲಾಕ್ ಮಾಡುತ್ತಾರೆ. ಬ್ಲಾಕ್, ರಿಪೋರ್ಟ್ ಜಾಸ್ತಿಯಾದರೆ ನಂಬರೇ ಬ್ಯಾನ್ ಆಗಬಹುದು. ಯಾರಿಂದಲೋ ಕೊಂಡ ನಂಬರ್ ಪಟ್ಟಿಗೆ ಮೆಸೇಜ್ ಕಳಿಸುವವರಿಗೆ ಆಗುವುದು ಅದೇ.

ವಾಟ್ಸಾಪ್ ಬಿಸಿನೆಸ್ ನಿಮಗೆ ಒಂದು ಕ್ಯೂಆರ್ ಕೋಡ್ ಕೊಡುತ್ತದೆ, ಸ್ಕ್ಯಾನ್ ಮಾಡಿದರೆ ನೇರ ನಿಮ್ಮ ಚಾಟ್ ತೆರೆಯುತ್ತದೆ. ಅದನ್ನು ಪ್ಯಾಕೆಟ್ ಮೇಲೆ 3 ಸೆಂಟಿಮೀಟರ್ ಅಗಲಕ್ಕಾದರೂ ಮುದ್ರಿಸಿ, ಬಿಳಿಯ ಮೇಲೆ ಕಪ್ಪು. ಕಂದು ಕಾಗದದ ಲೇಬಲ್ ನೋಡಲು ಚಂದ, ಆದರೆ ಚಿಪ್ಸಿನ ಎಣ್ಣೆ ತಾಗಿದರೆ ಕಾಗದ ಕಪ್ಪಾಗಿ ಕೋಡ್ ಓದುವುದಿಲ್ಲ. ಸಾವಿರ ಲೇಬಲ್ ಮುದ್ರಿಸುವ ಮೊದಲು ಒಂದಕ್ಕೆ ಎಣ್ಣೆ ಸವರಿ, ಎರಡು ಬೇರೆ ಫೋನಿನಲ್ಲಿ ಸ್ಕ್ಯಾನ್ ಮಾಡಿ ನೋಡಿ. ತಿಂಡಿಯ ಪ್ಯಾಕೆಟ್ ಆದರೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಕೊಡುವ 14 ಅಂಕೆಯ ಸಂಖ್ಯೆಯೂ ಲೇಬಲ್ ಮೇಲೆ ಇರಬೇಕು. "ಸಕ್ಕರೆ ಕಾಯಿಲೆ ಗುಣವಾಗುತ್ತದೆ" ಅಂತ ಲೇಬಲ್‌ನಲ್ಲೂ ರೀಲ್‌ನಲ್ಲೂ ಹೇಳಬೇಡಿ, ಕಾನೂನು ಬಿಡುವುದಿಲ್ಲ.

ಅಂಗಡಿ ಇದ್ದವರು ಗೂಗಲ್ ಬಿಸಿನೆಸ್ ಪ್ರೊಫೈಲ್ ಮಾಡಲೇಬೇಕು. ಗೂಗಲ್ ಹುಡುಕಾಟದಲ್ಲೂ ಮ್ಯಾಪಿನಲ್ಲೂ ಅಂಗಡಿ ಕಾಣುವುದು ಇದರಿಂದ, ಇದೂ ಉಚಿತ. ಅಂಗಡಿ ನಿಮ್ಮದೇ ಅನ್ನುವ ಖಾತ್ರಿಗೆ ಗೂಗಲ್ ವಿಡಿಯೋ ಕೇಳಿದರೆ ಕತ್ತರಿಸದೆ ಒಂದೇ ಓಟದಲ್ಲಿ ತೆಗೆಯಿರಿ: ರಸ್ತೆ, ಅಕ್ಕಪಕ್ಕದ ಅಂಗಡಿ, ನಿಮ್ಮ ಬೋರ್ಡ್, ನೀವೇ ಬೀಗ ತೆಗೆದು ಒಳಗೆ ಹೋಗುವುದು. ಹೆಸರಿನ ಜಾಗದಲ್ಲಿ ಬೋರ್ಡಿನ ಮೇಲಿರುವ ಹೆಸರು ಮಾತ್ರ ಇರಲಿ. "ಬೆಸ್ಟ್ ಬಾಳೆಕಾಯಿ ಚಿಪ್ಸ್ ಉಡುಪಿ" ಅಂತ ಬಾಲ ಅಂಟಿಸಿದರೆ ಪ್ರೊಫೈಲ್ ಅಮಾನತಾಗುವ ಅಪಾಯ ಉಂಟು. ರಾಷ್ಟ್ರೀಯ ಹೆದ್ದಾರಿ 66ರ ಬದಿಯವರು ಮ್ಯಾಪಿನಲ್ಲಿ ನಿಮ್ಮ ಜಾಗದ ಪಿನ್ ಸರಿಯಾದ ಬದಿಯಲ್ಲಿ, ಸರ್ವಿಸ್ ರಸ್ತೆಯ ಮೇಲೆ ಬಿದ್ದಿದೆಯಾ ಅಂತ ನೋಡಿ. ಡಿವೈಡರಿನ ಆಚೆ ಬಿದ್ದರೆ ಗಿರಾಕಿ ನಿಮ್ಮ ಬೋರ್ಡನ್ನು ಕಣ್ಣಾರೆ ನೋಡಿಯೂ ಮುಂದಿನ ಯು ಟರ್ನ್ ತನಕ ಹೋಗಬೇಕು, ಹಾಗೆ ಹೋದವರು ತಿರುಗಿ ಬರುವುದು ಕಷ್ಟ. ಮನೆಯಿಂದ ವ್ಯಾಪಾರ ಮಾಡುವವರು ವಿಳಾಸ ಮರೆಮಾಡಿ, ಡೆಲಿವರಿ ಪ್ರದೇಶವನ್ನು ಮಾತ್ರ ತೋರಿಸಬಹುದು.

ಈಗ ಇನ್‌ಸ್ಟಾಗ್ರಾಂ. ಹಪ್ಪಳವನ್ನೇ ತೆಗೆದುಕೊಳ್ಳೋಣ. ಹೆಚ್ಚಿನವರ ರೀಲ್ "ಎಲ್ಲರಿಗೂ ನಮಸ್ಕಾರ, ನಮ್ಮ ಸಂಸ್ಥೆಗೆ ಸ್ವಾಗತ" ಅಂತ ಶುರುವಾಗುತ್ತದೆ. ಸಭೆಗೆ ಅದು ಸರಿ, ರೀಲಿಗೆ ಆಗದು. ಅಷ್ಟರಲ್ಲಿ ನೋಡುವವರ ಹೆಬ್ಬೆರಳು ಮೇಲಕ್ಕೆ ಹೋಗಿಯಾಗಿರುತ್ತದೆ. ಹಪ್ಪಳ ಎಣ್ಣೆಗೆ ಬಿದ್ದು ಚರ್ ಅಂತ ಅರಳುವ ಎರಡು ಸೆಕೆಂಡು ಮೊದಲಿಗೆ ಬರಲಿ. ಆಮೇಲೆ ಹಲಸಿನ ತೊಳೆ ಬೇಯಿಸುವುದು, ರುಬ್ಬುವುದು, ಉಂಡೆ ಒತ್ತುವುದು, ಚಾಪೆಯ ಮೇಲೆ ಬಿಸಿಲಿಗೆ ಸಾಲಾಗಿ ಇಟ್ಟದ್ದು, ಒಂದೊಂದಕ್ಕೂ ಮೂರು ಸೆಕೆಂಡು. ಕೊನೆಗೆ ಕಟ್ಟು, ಅದರ ಮೇಲೆ ರೇಟು ಮತ್ತು ವಾಟ್ಸಾಪ್ ನಂಬರ್. ಒಟ್ಟು 20 ಸೆಕೆಂಡು ಸಾಕು.

ತೆಗೆಯುವಾಗ ಮೊದಲ ಕೆಲಸ ಲೆನ್ಸ್ ಒರೆಸುವುದು. ಅಡುಗೆಮನೆಯ ಫೋನಿನ ಮೇಲೆ ಯಾವಾಗಲೂ ಎಣ್ಣೆಯ ಬೆರಳಚ್ಚು ಇರುತ್ತದೆ, ಚಿತ್ರ ಮಂಜು ಮಂಜಾಗುವುದು ಅದರಿಂದ. ಕಿಟಕಿಯ ಬದಿಗೆ ಬನ್ನಿ, ಟ್ಯೂಬ್‌ಲೈಟ್ ಆರಿಸಿ. ಎರಡೂ ಬೆಳಕು ಸೇರಿದರೆ ಹಪ್ಪಳ ಒಂದು ಬದಿ ನೀಲಿ, ಒಂದು ಬದಿ ಹಳದಿ ಕಾಣುತ್ತದೆ. ವಿಡಿಯೋದಲ್ಲಿ ಕಪ್ಪು ಪಟ್ಟಿ ಓಡಾಡುವುದೂ ಹೆಚ್ಚಾಗಿ ದೀಪದ ಮಿನುಗಿನಿಂದಲೇ. ಫೋನನ್ನು ನೆಟ್ಟಗೆ ಹಿಡಿಯಿರಿ, 1080ಕ್ಕೆ 1920 ಅಳತೆ. ಅಕ್ಷರಗಳನ್ನು ತೀರಾ ಕೆಳಗೆ ಹಾಕಿದರೆ ಕ್ಯಾಪ್ಷನ್ ಮತ್ತು ಬಟನ್‌ಗಳ ಹಿಂದೆ ಮುಚ್ಚಿಹೋಗುತ್ತವೆ, ನಡುಭಾಗದಲ್ಲಿ ಹಾಕಿ.

ಸಿನಿಮಾ ಹಾಡು ಬೇಡ. ಬಿಸಿನೆಸ್ ಅಕೌಂಟಿಗೆ ಜನಪ್ರಿಯ ಹಾಡುಗಳು ಹೆಚ್ಚಾಗಿ ಸಿಗುವುದಿಲ್ಲ. ಹೊರಗಿಂದ ಸೇರಿಸಿದರೆ ಹಕ್ಕುಸ್ವಾಮ್ಯದ ತಕರಾರಿನಲ್ಲಿ ಶಬ್ದ ಹೋಗಬಹುದು, ರೀಲೇ ಹೋಗಬಹುದು. ಎಣ್ಣೆಯ ಶಬ್ದಕ್ಕಿಂತ ಒಳ್ಳೆಯ ಸಂಗೀತ ಹಪ್ಪಳಕ್ಕೆ ಬೇಕಾಗಿಯೂ ಇಲ್ಲ. ಮಾತು ತುಳುವಿನಲ್ಲಿರಲಿ, ಪರದೆಯ ಮೇಲಿನ ಅಕ್ಷರ ಕನ್ನಡದಲ್ಲಿ. ತುಳು ಕೇಳಿದ ಮುಂಬೈಯವರು ನಮ್ಮ ಊರಿನದ್ದು ಅಂತ ನಿಂತು ನೋಡುತ್ತಾರೆ, ಶಬ್ದ ಆರಿಸಿ ನೋಡುವವರಿಗೂ ತುಳು ಬಾರದವರಿಗೂ ಅಕ್ಷರ ಸಾಕಾಗುತ್ತದೆ. ಸ್ಥಳದ ಟ್ಯಾಗ್ ಹಾಕಿ. ಹ್ಯಾಶ್‌ಟ್ಯಾಗ್ ಮೂರೋ ನಾಲ್ಕೋ ಸಾಕು.

ಕಾಲದ ವಿಷಯ ನಮ್ಮ ಕರಾವಳಿಯಲ್ಲಿ ಸ್ವಲ್ಪ ಬೇರೆ. ಹಪ್ಪಳ ಮಾಡುವುದು ಏಪ್ರಿಲ್, ಮೇ ಬಿಸಿಲಿನಲ್ಲಿ. ತಿನ್ನಲು ಆಸೆಯಾಗುವುದು ಆಟಿ ತಿಂಗಳ ಮಳೆಯಲ್ಲಿ. ಆದ್ದರಿಂದ ವಿಡಿಯೋ ಎಲ್ಲ ಬಿಸಿಲಿರುವಾಗಲೇ ತೆಗೆದಿಡಿ, ಹಾಕುವುದು ಜುಲೈಯಲ್ಲಿ. ಕರಾವಳಿಯ ಕ್ಯಾಥೊಲಿಕರ ಮೊಂತಿ ಹಬ್ಬ ಸೆಪ್ಟೆಂಬರ್ 8, ಅದು ಬದಲಾಗುವುದಿಲ್ಲ. ಕೃಷ್ಣಾಷ್ಟಮಿ ಹಾಗಲ್ಲ. ಉಡುಪಿ ಮಠದಲ್ಲಿ ಸೌರಮಾನದ ಲೆಕ್ಕ, 2025ರಲ್ಲಿ ಬೇರೆ ಕಡೆ ಆಗಸ್ಟ್ ಮಧ್ಯದಲ್ಲಿ ಆದ ಅಷ್ಟಮಿ ಇಲ್ಲಿ ಸೆಪ್ಟೆಂಬರ್ ಮಧ್ಯದಲ್ಲಿ ಆಯಿತು. ಅಂಥ ವರ್ಷ ಫೋನಿನ ಕ್ಯಾಲೆಂಡರ್ ನಂಬಿ ಚಕ್ಕುಲಿ, ಉಂಡೆಯ ಪೋಸ್ಟ್ ಹಾಕಿದರೆ ಒಂದು ತಿಂಗಳು ಮೊದಲೇ ಹಾಕಿದ ಹಾಗಾಗುತ್ತದೆ. ಬೆಂಗಳೂರಿನ ಗಿರಾಕಿಗೆ ಮಾತ್ರ ಆ ಆಗಸ್ಟ್ ಪೋಸ್ಟೇ ಸರಿ, ಹಾಗಾಗಿ ಲಿಸ್ಟ್ ಎರಡು ಮಾಡಿ. ಗಲ್ಫಿನವರಿಗೆ ಮೂರನೆಯದು: ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಕುವೈತ್, ಕತಾರ್, ಸೌದಿ ಎರಡೂವರೆ ಗಂಟೆ. ಅವರು ಕೆಲಸ ಮುಗಿಸಿ ಫೋನ್ ಹಿಡಿಯುವಾಗ ಇಲ್ಲಿ ರಾತ್ರಿ ಹತ್ತು.

ಜಾಹೀರಾತಿಗೆ ಹಣ ಹಾಕುವುದಾದರೆ, ಇನ್‌ಸ್ಟಾಗ್ರಾಂ ಪೋಸ್ಟನ್ನು ಜಾಹೀರಾತು ಮಾಡುವ ಬೂಸ್ಟ್ ಬಟನ್ ಒತ್ತುವಾಗ ಗುರಿ ಏನು ಅಂತ ಕೇಳುತ್ತದೆ. ಅಲ್ಲಿ ಪ್ರೊಫೈಲ್ ವಿಸಿಟ್ ಬಿಟ್ಟು ಮೆಸೇಜ್ ಆರಿಸಿ. ಡೆಲಿವರಿ ಮಣಿಪಾಲಕ್ಕೆ ಮಾತ್ರ ಆದರೆ ಜಾಹೀರಾತು ತೋರಿಸುವ ವ್ಯಾಪ್ತಿಯನ್ನು ಆ ಭಾಗಕ್ಕೇ ಕುಗ್ಗಿಸಿ. ಉಡುಪಿಯ ಸುತ್ತ ದೊಡ್ಡ ವೃತ್ತ ಎಳೆದರೆ ಅರ್ಧ ಅರಬ್ಬೀ ಸಮುದ್ರದ ಮೇಲೆ ಬೀಳುತ್ತದೆ. ಅಲ್ಲಿ ನೋಡುವವರಿಲ್ಲ, ನಷ್ಟವೂ ಇಲ್ಲ. ನಷ್ಟ ಇರುವುದು ನೀವು ತಲುಪಿಸಲಾಗದ ಮೂಡು ಬದಿಯ ಊರುಗಳಲ್ಲಿ.

ಲೆಕ್ಕ ಹೀಗೆ ಹಾಕಿ. ದಿನಕ್ಕೆ 200 ರೂಪಾಯಿಯ ಹಾಗೆ ಐದು ದಿನ, 1,000 ರೂ. ಜಿಎಸ್‌ಟಿ ಶೇ. 18 ಸೇರಿ 1,180. ಅದರಿಂದ 40 ಮೆಸೇಜ್ ಬಂದು 6 ಆರ್ಡರ್ ಆಯಿತು, ಒಂದರಲ್ಲಿ 90 ರೂ. ಉಳಿಯುತ್ತದೆ ಅಂತಿಟ್ಟುಕೊಳ್ಳಿ. ಸಿಕ್ಕಿದ್ದು 540. ಅಂದರೆ 640 ರೂ. ಕೈಯಿಂದ ಹೋಯಿತು. ಆ ಆರು ಜನ ನಂಬರ್ ಸೇವ್ ಮಾಡಿ, ವರ್ಷದಲ್ಲಿ ಇನ್ನೆರಡು ಸಲ ತೆಗೆದುಕೊಂಡರೆ 1,080 ಬರುತ್ತದೆ, ಆಗ ಲಾಭ. ಇಲ್ಲದಿದ್ದರೆ ಆ ಹಣಕ್ಕೆ ಹಪ್ಪಳ ಹಂಚಿದ್ದೇ ವಾಸಿ. ಪ್ರತಿ ಹೊಸ ಗಿರಾಕಿಯ ಹತ್ತಿರ "ಎಲ್ಲಿ ನೋಡಿದ್ರಿ?" ಅಂತ ಕೇಳಿ ಪುಸ್ತಕದಲ್ಲಿ ಬರೆದಿಡಿ, ಮೂರು ತಿಂಗಳಿಗೆ ಎಲ್ಲಿ ಹಣ ಹಾಕಬೇಕು ಅಂತ ಆ ಪುಸ್ತಕವೇ ತೋರಿಸುತ್ತದೆ.

ಪಾರ್ಸೆಲ್‌ನಲ್ಲಿ ಒಂದು ಗುಂಡಿ ಉಂಟು. ಕೊರಿಯರಿನವರು ತೂಕ ನೋಡುವುದು ಮಾತ್ರ ಅಲ್ಲ, ಗಾತ್ರವನ್ನೂ ತೂಕಕ್ಕೆ ತಿರುಗಿಸುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5,000ದಿಂದ ಭಾಗಿಸುತ್ತಾರೆ, ಎರಡರಲ್ಲಿ ಹೆಚ್ಚು ಯಾವುದೋ ಅದಕ್ಕೆ ಚಾರ್ಜು. ಒಂದೂವರೆ ಕಿಲೋ ಕೋರಿ ರೊಟ್ಟಿಯನ್ನು 30, 30, 20ರ ಪೆಟ್ಟಿಗೆಯಲ್ಲಿ ಹಾಕಿದರೆ 18,000 ಭಾಗಿಸು 5,000, ಅಂದರೆ 3.6 ಕಿಲೋ. ಆನ್‌ಲೈನಿನಲ್ಲಿ ರೇಟು ಹಾಕುವ ಮೊದಲು ಈ ಲೆಕ್ಕ ಮಾಡಿ. ಮುಂಬೈ, ಕೇರಳಕ್ಕೆ ತೆರಿಗೆ ಇರುವ ಮಾಲು ಮಾರುವವರಿಗೆ ವಹಿವಾಟು ಸಣ್ಣದಾದರೂ ಜಿಎಸ್‌ಟಿ ನೋಂದಣಿ ಬೇಕಾಗುತ್ತದೆ, ಲೆಕ್ಕಪತ್ರದವರ ಹತ್ತಿರ ಮೊದಲೇ ಕೇಳಿಕೊಳ್ಳಿ.

ಮೋಸದ ಬಗ್ಗೆ ಎರಡು ಮಾತು. ದೊಡ್ಡ ಆರ್ಡರ್ ಕೊಟ್ಟು, "ಅಡ್ವಾನ್ಸ್ ಹಾಕುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ" ಅನ್ನುವವರು ಇದ್ದಾರೆ. ಹಣ ಬರುವುದಕ್ಕೆ ಸ್ಕ್ಯಾನೂ ಬೇಡ, ಯುಪಿಐ ಪಿನ್ನೂ ಬೇಡ. ಪಿನ್ ಒತ್ತಿದರೆ ಹಣ ಹೋಗುವುದು ಮಾತ್ರ. ಪೇಮೆಂಟಿನ ಸ್ಕ್ರೀನ್‌ಶಾಟ್ ನಂಬಬೇಡಿ, ಬ್ಯಾಂಕ್ ಖಾತೆ ನೋಡಿ. ವಾಟ್ಸಾಪಿನ ಆರು ಅಂಕೆಯ ಕೋಡ್ ಯಾರು ಕೇಳಿದರೂ ಕೊಡಬೇಡಿ, ಟು ಸ್ಟೆಪ್ ವೆರಿಫಿಕೇಶನ್ (ವಾಟ್ಸಾಪಿಗೆ ನೀವೇ ಇಡುವ ಇನ್ನೊಂದು ಪಿನ್) ಇವತ್ತೇ ಆನ್ ಮಾಡಿ. ಆ ನಂಬರ್ ಹೋದರೆ ಸೇವ್ ಮಾಡಿಸಿದ ಅಷ್ಟೂ ಗಿರಾಕಿಗಳು ಹೋದ ಹಾಗೆ. ಹಣ ಹೋಗಿಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕೊನೆಯದು ದೂರು. ರೊಟ್ಟಿ ಪುಡಿಯಾಗಿ ತಲುಪಿತು ಅಂತ ಕಮೆಂಟ್ ಬಂದರೆ ಅಳಿಸಬೇಡಿ. "ಹೇಗೂ ಪುಡಿ ಮಾಡಿಯೇ ಸಾರು ಹೊಯ್ಯುವುದಲ್ವಾ" ಅಂತ ಬಾಯಿಗೆ ಬರುತ್ತದೆ, ಅದನ್ನೂ ಬರೆಯಬೇಡಿ. ಎಲ್ಲರಿಗೂ ಕಾಣುವ ಹಾಗೆ ಒಂದು ಸಾಲಿನಲ್ಲಿ ಕ್ಷಮೆ ಕೇಳಿ, ಪೆಟ್ಟಿಗೆಯ ಫೋಟೋ ವಾಟ್ಸಾಪಿಗೆ ಕಳಿಸಲು ಹೇಳಿ. ಪೆಟ್ಟಿಗೆಯ ಮೂಲೆ ಜಜ್ಜಿದ್ದರೆ ದಪ್ಪದ ರಟ್ಟು ಬೇಕು. ಮೂಲೆ ಸರಿ ಇದ್ದು ಒಳಗೆ ಮಾತ್ರ ಪುಡಿಯಾಗಿದ್ದರೆ ಒಳಗೆ ಜಾಗ ಖಾಲಿ ಉಳಿದಿದೆ, ಪೇಪರ್ ತುರುಕಿ, ಅಲ್ಲಾಡಿಸಿದರೆ ಶಬ್ದ ಬಾರದಷ್ಟು. ಬದಲಿ ರೊಟ್ಟಿಯನ್ನು ಹೊಸ ಪ್ಯಾಕಿಂಗ್‌ನಲ್ಲಿ ಅವರಿಗೇ ಕಳಿಸಿ, ಹೇಗೆ ತಲುಪಿತು ಅಂತ ಫೋಟೋ ಕೇಳಿ.