ಅಮ್ಮ ಮೂರು ದಿನ ತಿಂದ ಚೀಸ್

ನಮ್ಮ ಪ್ರವಾಸದ ಈ ವಿಡಿಯೊದಲ್ಲಿ ಕಂಬಸಾಲಿನ ಕೆಳಗೆ ಬಿಚ್ಚಿದ ಕೊಡೆ ಹಿಡಿದು ನಡೆಯುತ್ತಿರುವವಳು ನನ್ನ ಅಮ್ಮ. ಇಟಲಿಯ ಬೊಲೊನ್ಯಾ ನಗರದ ಹಳೆಯ ಬೀದಿಗಳಲ್ಲಿ ಮಾಳಿಗೆಗಳನ್ನು ಬೀದಿಯ ಮೇಲಕ್ಕೆ ಚಾಚಿ, ಕೆಳಗೆ ಕಂಬ ಕೊಟ್ಟು, ನಡೆಯುವವರಿಗೆ ಮೊಗಸಾಲೆ ಮಾಡಿಟ್ಟಿದ್ದಾರೆ. 2021ರಲ್ಲಿ ಯುನೆಸ್ಕೊ ಇವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇಲ್ಲಿ ಕೊಡೆ ಬೇಕಾಗಿಲ್ಲವೆಂದು ಎಷ್ಟು ಹೇಳಿದರೂ ಸಾಗರದ ಮಳೆಯಲ್ಲಿ ಬೆಳೆದವಳು ಕೊಡೆ ಮಡಚುವುದಿಲ್ಲ. ಹಿಂದೆ ಬರುತ್ತಿರುವವರು ತಲೆ ತಗ್ಗಿಸಿಕೊಳ್ಳುತ್ತಿರುವುದು ಅದಕ್ಕೇ.

ಇಟಲಿಯಲ್ಲಿ ಸಸ್ಯಾಹಾರಿಗಳಿಗೆ ಏನೂ ತೊಂದರೆಯಿಲ್ಲ, ಎಲ್ಲಿ ನೋಡಿದರೂ ಪಾಸ್ತಾ ಇರುತ್ತದೆ ಎಂದು ಹೇಳಿ ಅಮ್ಮನನ್ನು ಹೊರಡಿಸಿದವನು ನಾನೇ. ಆದರೆ ಇಟಲಿಯ ಊಟ ಎಂಬ ಒಂದೇ ಊಟ ಎಲ್ಲಿಯೂ ಇಲ್ಲ. ದಕ್ಷಿಣದ ಪಾಸ್ತಾ ಗಟ್ಟಿಗೋಧಿಯ ರವೆ ಮತ್ತು ನೀರಿನಿಂದ ಆಗುತ್ತದೆ. ನಾವು ಬಂದಿಳಿದಿರುವ, ಬೊಲೊನ್ಯಾ ಇರುವ ಎಮೀಲಿಯಾ ಸೀಮೆಯಲ್ಲಿ 100 ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆಯ ಲೆಕ್ಕದಲ್ಲಿ ಕಲಸಿ, ಮಾರುದ್ದದ ಲಟ್ಟಣಿಗೆಯಿಂದ ಹಾಳೆಯಂತೆ ಲಟ್ಟಿಸುತ್ತಾರೆ. ಗಾಜಿನ ಆಚೆ ಆ ಹೆಂಗಸು ಲಟ್ಟಿಸುವುದನ್ನು ಅಮ್ಮ ಹತ್ತು ನಿಮಿಷ ನಿಂತು ನೋಡಿದಳು, ಕೈಚಳಕಕ್ಕೆ ತಲೆದೂಗಿದಳು, ಆಕೆ ಮೊಟ್ಟೆ ಒಡೆದದ್ದನ್ನು ಕಂಡು ಮುಂದೆ ನಡೆದಳು. ಆ ಹಾಳೆಯನ್ನು ಪಟ್ಟಿಯಾಗಿ ಕತ್ತರಿಸಿದ ಪಾಸ್ತಾಕ್ಕೆ ತಾಲ್ಯತೆಲ್ಲೆ ಎನ್ನುತ್ತಾರೆ; ಬೆಂದ ತಾಲ್ಯತೆಲ್ಲೆಯ ಅಗಲ ಸರಿಯಾಗಿ 8 ಮಿಲಿಮೀಟರ್ ಇರಬೇಕೆಂದು 1972ರಲ್ಲಿ ಇಲ್ಲಿಯ ವಾಣಿಜ್ಯ ಮಂಡಳಿಯಲ್ಲಿ ಚಿನ್ನದ ಮಾದರಿಯನ್ನೇ ಇರಿಸಿದ್ದಾರೆ ಎಂದು ನಾನು ವಿವರಿಸಿದೆ. ಮೊಟ್ಟೆ ತಿನ್ನದವಳಿಗೆ ಅದು ಎಂಟಾದರೇನು, ಎಂಬತ್ತಾದರೇನು?

ಹೀಗಾಗಿ ಅಮ್ಮನ ಪಾಲಿಗೆ ಉಳಿದದ್ದು ಬ್ರೆಡ್, ಸುಟ್ಟ ತರಕಾರಿ, ಟೊಮೆಟೊ ಮತ್ತು ಚೀಸ್. ಮೂರು ದಿನ ಮೂರೂ ಹೊತ್ತು ಅವಳು ಪಾರ್ಮಿಜಾನೊ ರೆಜ್ಜಾನೊ ತಿಂದಳು, ಸಂತೋಷದಿಂದಲೇ ತಿಂದಳು. ಕಡಿದರೆ ಹಲ್ಲಿಗೆ ಸಕ್ಕರೆ ಹರಳಿನಂತೆ ಸಿಗುತ್ತದೆ, ಹಳೆಯ ತುಪ್ಪದ ತಳದ ಚರಟದ ವಾಸನೆಯಿದೆ ಎಂದಳು. ಇದಕ್ಕಿಂತ ಒಳ್ಳೆಯ ವರ್ಣನೆಯನ್ನು ನಾನು ಯಾವ ಆಹಾರ ತಜ್ಞರ ಬಾಯಿಂದಲೂ ಕೇಳಿಲ್ಲ. ಚೀಸಿನ ಮಾತಿಗೆ ಮತ್ತೆ ಬರುತ್ತೇನೆ. ಈ ದೃಶ್ಯ ಮುಗಿಯುವುದರೊಳಗೆ ಮೇಜಿನ ಮೇಲಿರುವ ಗಾಜಿನ ಲೋಟದ ವಿಷಯ ಹೇಳಿಬಿಡಬೇಕು.

ಅದು ಲಾಂಬ್ರುಸ್ಕೊ, ನೊರೆಯೇಳುವ ಕೆಂಪು ವೈನ್, ಕುಡಿದವನು ನಾನು. ಮೊದಲ ಗುಟುಕಿಗೆ ಇದು ವೈನೂ ಅಲ್ಲ, ಸೋಡವೂ ಅಲ್ಲ ಎಂದು ಕ್ಯಾಮೆರಾದ ಮುಂದೆಯೇ ಬೈದಿದ್ದೇನೆ. ಆಮೇಲೆ ಬಂದ ಮೊರ್ತದೆಲ್ಲಾ ಎಂಬ ಹಂದಿಮಾಂಸದ ಸಾಸೇಜಿನ ತುಂಡಿನೊಂದಿಗೆ ಕುಡಿದಾಗ ಆ ಹಂದಿಕೊಬ್ಬಿನ ಜಿಡ್ಡನ್ನೆಲ್ಲ ನಾಲಿಗೆಯಿಂದ ತೊಳೆದು ಹಾಕಿತು. ಬೈದದ್ದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಇನ್ನು, ಮೇಜಿನ ಮುಂದೆ ಕುಳಿತದ್ದಕ್ಕೇ ತಲೆಗೆ 3 ಯೂರೋ ಹಾಕುವ ‘ಕೊಪೆರ್ತೊ’ ಎಂಬ ಪದ್ಧತಿಯನ್ನು ನಾನು ಒಪ್ಪುವುದಿಲ್ಲ, ಒಪ್ಪುವವರು ಕೊಟ್ಟುಕೊಳ್ಳಲಿ.

ಇದು ಮೋದೆನಾ. ನಾವು ಹತ್ತಿ ಬಂದಿರುವುದು ಒಂದು ಮನೆಯ ಅಟ್ಟಕ್ಕೆ. ಸಾಲಾಗಿ, ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತ ಹೋಗಿರುವ ಈ ಪೀಪಾಯಿಗಳಲ್ಲಿ ಸಾಂಪ್ರದಾಯಿಕ ಬಾಲ್ಸಾಮಿಕ್ ವಿನೆಗರ್ ಇದೆ. ದ್ರಾಕ್ಷಿಯ ರಸವನ್ನು ತೆರೆದ ಪಾತ್ರೆಯಲ್ಲಿ ಗಂಟೆಗಟ್ಟಲೆ ಕಾಯಿಸಿ ಇಂಗಿಸುತ್ತಾರೆ ಎಂದಾಗ ಅಮ್ಮ ತಕ್ಷಣ, “ಆಲೆಮನೆಯ ಹಾಗೆ” ಎಂದಳು. ಹಾಗೆಯೇ. ಆಮೇಲಿನದು ಬೆಲ್ಲಕ್ಕಿಂತ ನಿಧಾನ. ಪ್ರತಿವರ್ಷ ಕೊನೆಯ ಸಣ್ಣ ಪೀಪಾಯಿಯಿಂದ ಸ್ವಲ್ಪವೇ ತೆಗೆದು, ಅದಕ್ಕೆ ಅದರ ಪಕ್ಕದ್ದರಿಂದ, ಪಕ್ಕದ್ದಕ್ಕೆ ಅದರಾಚೆಯದರಿಂದ ತುಂಬುತ್ತ ಬರುತ್ತಾರೆ; ಕಡಿಮೆಯೆಂದರೆ 12 ವರ್ಷ, ‘ಎಕ್ಸ್ತ್ರಾವೆಕ್ಯೊ’ ಎಂದು ಕರೆಯಬೇಕಾದರೆ 25 ವರ್ಷ. ಅಟ್ಟವೇ ಬೇಕಾಗುವುದು ಬೇಸಿಗೆಯ ಸೆಖೆ ಮತ್ತು ಚಳಿಗಾಲದ ಥಂಡಿ ಎರಡೂ ತಾಗಲೆಂದು. ಹೆಣ್ಣುಮಗು ಹುಟ್ಟಿದಾಗ ಹೊಸ ಸಾಲು ಹೂಡಿ ಮದುವೆಯಲ್ಲಿ ಬಳುವಳಿಯಾಗಿ ಕೊಡುವ ವಾಡಿಕೆಯೂ ಇತ್ತಂತೆ. ಅಂಗಡಿಯಲ್ಲಿ ಎರಡು ಮೂರು ಯೂರೋಗೆ ಸಿಗುವ ಬಾಲ್ಸಾಮಿಕ್ ಬೇರೆಯೇ ಸರಕು, ಅದರಲ್ಲಿ ವೈನ್ ವಿನೆಗರನ್ನೂ ಬೆರೆಸಿರುತ್ತಾರೆ, 60 ದಿನಕ್ಕೆಲ್ಲ ಮಾರಬಹುದು.

ಚಮಚದ ತುದಿಯಲ್ಲಿ ನಿಂತಿರುವ ಆ ಕಪ್ಪು ಹನಿಯನ್ನು ಗಮನಿಸಿ, ಅದು ಬೀಳಲು ಅವಸರ ಮಾಡುತ್ತಿಲ್ಲ. ಜೋನಿಬೆಲ್ಲಕ್ಕೆ ಹುಣಸೆ ಹಿಂಡಿದ ಹಾಗಿದೆ ಎಂದು ಅಮ್ಮ ಮತ್ತೊಂದು ಹನಿ ಕೇಳಿದಳು. 100 ಮಿಲಿಲೀಟರಿನ ಸೀಸೆಗೆ 48 ಯೂರೋ ಎಂದು ತಿಳಿದ ಕೂಡಲೇ ಚಮಚವನ್ನು ಕೆಳಗಿಟ್ಟು ಮೆಟ್ಟಿಲಿಳಿದಳು.

ಅದೇ ಸಂಜೆ ಇನ್ನೊಂದು ಮೋಸ ತಪ್ಪಿತು. ಇಗೋ, ಬುಟ್ಟಿಯಲ್ಲಿ ಉಬ್ಬಿಕೊಂಡು ಬಂದಿರುವುದು ಪೂರಿಯೇ ಎಂದು ನೀವೂ ಅಂದುಕೊಳ್ಳುತ್ತೀರಿ. ಹೆಸರು ‘ನ್ಯೊಕ್ಕೊ ಫ್ರಿತ್ತೊ’. ಅಮ್ಮ ಕೈ ಹಾಕುವ ಮೊದಲು ಎಣ್ಣೆ ಯಾವುದೆಂದು ವಿಚಾರಿಸಿದೆ. ಕರಿದದ್ದು ಹಂದಿಯ ಕೊಬ್ಬಿನಲ್ಲಿ. ಎಷ್ಟು ಎಚ್ಚರದ ಮಗ ನಾನು ಎಂಬ ಭಾವ ಈ ಚಿತ್ರಿಕೆಯಲ್ಲಿ ನನ್ನ ಮುಖದ ಮೇಲೆ ಚೆನ್ನಾಗಿಯೇ ಕಾಣುತ್ತದೆ.

ಮಾರನೆಯ ಬೆಳಿಗ್ಗೆ ಪಾರ್ಮಾದ ಹತ್ತಿರದ ಈ ಡೈರಿ. ಚೀಸ್ ಮಾಡುವ ಕೆಲಸ ಬೆಳಗಿನಲ್ಲೇ ಮುಗಿಯುವುದರಿಂದ ಬೇಗನೆ ಬರಬೇಕು. ಸಂಜೆಯ ಹಾಲನ್ನು ರಾತ್ರಿಯಿಡೀ ಇಟ್ಟು, ಮೇಲೆ ನಿಂತ ಕೆನೆ ತೆಗೆದು, ಬೆಳಗಿನ ಹಾಲಿಗೆ ಕೂಡಿಸಿ ಈ ತಾಮ್ರದ ಕೊಪ್ಪರಿಗೆಗೆ ಹೊಯ್ಯುತ್ತಾರೆ. ನಿನ್ನೆಯ ಚೀಸಿನಿಂದ ಉಳಿದ ತಿಳಿನೀರನ್ನು ಇವತ್ತಿನ ಹಾಲಿಗೆ ಹೆಪ್ಪಾಗಿ ಬೆರೆಸುತ್ತಾರೆ ಎಂದು ಕೇಳಿ ಅಮ್ಮನಿಗೆ ನೆಂಟರ ಮನೆಗೆ ಬಂದಷ್ಟು ಖುಷಿಯಾಯಿತು. ಒಂದು ಚಕ್ರಕ್ಕೆ ಸುಮಾರು 550 ಲೀಟರ್ ಹಾಲು, ತೂಕ 40 ಕಿಲೋ, ಕನಿಷ್ಠ 12 ತಿಂಗಳು ಮಾಗಬೇಕು. ಈ ಚಕ್ರಗಳನ್ನು ಅಡವಿಟ್ಟುಕೊಂಡು ಸಾಲ ಕೊಡುವ ಬ್ಯಾಂಕೂ ಇಲ್ಲಿದೆ ಎಂದಾಗ, ಸೊಸೈಟಿಯಲ್ಲಿ ಅಡಿಕೆ ಇಟ್ಟು ಸಾಲ ತಂದಂತೆಯೇ ಎಂದು ಅವಳೇ ನನಗೆ ವಿವರಿಸಿದಳು.

ಆಗ ಮಾರ್ಗದರ್ಶಿ ಇಂಗ್ಲಿಷಿನಲ್ಲಿ ‘ರೆನೆಟ್’ ಎಂದರು. ನಾನು ಅಮ್ಮನಿಗೆ, “ಅದೂ ಒಂದು ಹೆಪ್ಪು” ಎಂದೆ. ನನಗೆ ಗೊತ್ತಿರಲಿಲ್ಲ ಎಂದು ಹೇಳಿದರೆ ಅದು ಪೂರ್ತಿ ನಿಜವಾಗುವುದಿಲ್ಲ. ಎಂದೋ ಎಲ್ಲಿಯೋ ಓದಿದ ನೆನಪಿತ್ತು, ಆದರೆ ಚೀಸನ್ನೂ ಬಿಡಿಸಿದರೆ ಅವಳಿಗೆ ಏನು ತಿನ್ನಿಸುವುದೆಂದು ತೋಚದೆ ಆ ನೆನಪನ್ನು ಕೆದಕಲು ಹೋಗಿರಲಿಲ್ಲ. ನೆಲ ತೊಳೆಯುತ್ತಿದ್ದ ಪಂಜಾಬಿ ಕೆಲಸಗಾರರೊಂದಿಗೆ ಅಮ್ಮ ಅಷ್ಟರಲ್ಲಾಗಲೇ ತನಗೆ ಬಂದಷ್ಟು ಹಿಂದಿಯಲ್ಲಿ ಮಾತಿಗೆ ತೊಡಗಿದ್ದಳು. ಈ ಬಯಲಿನ ಕೊಟ್ಟಿಗೆಗಳಲ್ಲಿ ಪಂಜಾಬಿನವರು ದಶಕಗಳಿಂದ ದುಡಿಯುತ್ತಿದ್ದಾರೆ, ನೊವೆಲ್ಲಾರಾದಲ್ಲಿ ಅವರ ದೊಡ್ಡ ಗುರುದ್ವಾರವೇ ಇದೆ. ಆ ಎರಡನೆಯ ಹೆಪ್ಪು ಏನೆಂದು ಅಮ್ಮ ಅವರನ್ನು ಕೇಳಿದಳು. ಎಳೆಗರುವಿನ ಹೊಟ್ಟೆಯಿಂದ ತೆಗೆಯುವುದು ಎಂದು ಅವರು ತಮ್ಮ ಹೊಟ್ಟೆಯನ್ನೇ ಮುಟ್ಟಿ ತೋರಿಸಿದರು. ಕಡಿದ ಕರುವಿನದೇ ಎಂಬ ಪ್ರಶ್ನೆಗೆ ಹೌದೆಂದರು.

ಇಲ್ಲಿ ಕ್ಯಾಮೆರಾ ನೆಲವನ್ನು ನೋಡುತ್ತಿದೆ, ಕ್ಷಮಿಸಿ. ಒದ್ದೆ ಹಾಸುಗಲ್ಲು, ನೀಲಿ ಪ್ಲಾಸ್ಟಿಕ್ ಚೀಲ ಹಾಕಿದ ಅಮ್ಮನ ಚಪ್ಪಲಿ, ಅದರ ಪಕ್ಕ ನನ್ನದು. ನಮ್ಮ ದೇಶದ ಪೊಟ್ಟಣಗಳ ಮೇಲಿನ ಹಸಿರು ಚುಕ್ಕೆ ಇಲ್ಲಿಲ್ಲ. ಇದ್ದಿದ್ದರೂ ಈ ಚೀಸಿಗೆ ಅದು ಬೀಳುತ್ತಿರಲಿಲ್ಲ, ಏಕೆಂದರೆ ಹಾಲು, ಉಪ್ಪು, ಕರುವಿನ ರೆನೆಟ್ ಬಿಟ್ಟು ಬೇರೇನನ್ನು ಬಳಸಿದರೂ ಅದಕ್ಕೆ ಪಾರ್ಮಿಜಾನೊ ರೆಜ್ಜಾನೊ ಎಂಬ ಹೆಸರೇ ದಕ್ಕುವುದಿಲ್ಲ. ಅವರು ಏನನ್ನೂ ಮುಚ್ಚಿಟ್ಟಿರಲಿಲ್ಲ. ಅಮ್ಮ ಕೈಚೀಲದಿಂದ ಹಿಂದಿನ ದಿನ ಕೊಂಡಿದ್ದ ಅರ್ಧ ಕಿಲೋ ಪೊಟ್ಟಣ ತೆಗೆದು ನನ್ನ ಕೈಗಿತ್ತಳು. “ಕೊಟ್ಟಿಗೆಯಲ್ಲಿ ಕರು ಕುಡಿದ ಮೇಲೆಯೇ ನಾನು ಹಾಲು ಕರೆದವಳು ತಮ್ಮಾ. ಮೊದಲೇ ಹೇಳಿದ್ದರೆ ಬರೀ ಬ್ರೆಡ್ ತಿಂದುಕೊಂಡಿರುತ್ತಿದ್ದೆ” ಎಂದಳು. ಬೈಯಲಿಲ್ಲ. ಬೈದಿದ್ದರೆ ಆ ಭಾಗವನ್ನು ಕತ್ತರಿಸಿ ಹಾಕಬಹುದಿತ್ತು.

ಬೊಲೊನ್ಯಾಕ್ಕೆ ಮರಳುವ ರೈಲು. ಕಿಟಕಿಯಾಚೆ ಕಾಣುವುದು ಕ್ರಿಸ್ತಪೂರ್ವ 187ರಲ್ಲಿ ರೋಮನ್ನರು ಹಾಕಿದ ಎಮೀಲಿಯಾ ರಸ್ತೆಯ ಜಾಡು, ಈ ಸೀಮೆಗೆ ಹೆಸರು ಬಂದದ್ದೇ ಅದರಿಂದ. ರೆಜ್ಜೊ ದಾಟುವವರೆಗೆ ಅಮ್ಮ ಮಾತಾಡಲಿಲ್ಲ. ಆಮೇಲೆ, ಆ ಅಟ್ಟದ ದ್ರಾಕ್ಷಿ ರಸಕ್ಕೆ ಏನೇನು ಹಾಕುತ್ತಾರೆ ಎಂದು ಕೇಳಿದಳು. ದ್ರಾಕ್ಷಿ ಬಿಟ್ಟರೆ ಏನೂ ಇಲ್ಲ ಎಂದೆ. ಸರಿಯಾಗಿ ಗೊತ್ತೇ ಎಂದಳು. ಗೊತ್ತು ಎಂದೆ. ಮೋದೆನಾದಲ್ಲಿ ಇಳಿದೆವು.

ಈಗ ಕೋಣೆಯಲ್ಲಿ ಬ್ರೆಡ್ಡಿನ ತುಂಡಿಗೆ ಅವಳು ಹನಿಸಿಕೊಳ್ಳುತ್ತಿರುವುದು ಆ 48 ಯೂರೋ ಸೀಸೆಯಿಂದಲೇ. ನಾಳೆ ನಾಪೊಲಿಗೆ ಹೊರಡುತ್ತೇವೆ. ಅಲ್ಲಿ ಮರಿನಾರಾ ಎಂಬ ಪೀಜಾ ಇದೆ, ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ ಅಷ್ಟೇ, ಚೀಸ್ ಹಾಕುವುದಿಲ್ಲ ಎಂದು ಹೇಳಿದ್ದೇನೆ. ಕೇಳುವ ಕೆಲಸವನ್ನು ಇನ್ನು ಮೇಲೆ ತಾನೇ ಮಾಡುತ್ತೇನೆಂದು ಅಮ್ಮ ನನ್ನ ಡೈರಿಯ ಹಾಳೆಯೊಂದನ್ನು ಹರಿದು, ‘ಕರು’ ಎಂಬುದಕ್ಕೆ ಇಟಾಲಿಯನ್ನಿನಲ್ಲಿ ಏನೆನ್ನುತ್ತಾರೆಂದು ನನ್ನಿಂದ ಕನ್ನಡ ಅಕ್ಷರದಲ್ಲಿ ಬರೆಸಿಕೊಂಡಿದ್ದಾಳೆ. ವಿತೆಲ್ಲೊ.